ಅಮೆರಿಕ–ಚೀನಾ ವ್ಯಾಪಾರ ಪೈಪೋಟಿ: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನನಗೆ ಈ ಪ್ರಶ್ನೆಗಳು ತರಗತಿಗಿಂತ ಹೊರಗೇ ಜಾಸ್ತಿ ಸಿಗುತ್ತವೆ. ಇಲ್ಲಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ವರ್ಕ್‌ಶಾಪ್ ಮಾಲೀಕರು ಕೇಳುತ್ತಾರೆ, ಮದ್ದೂರು ಕಡೆಯ ರೈತರು ಕೇಳುತ್ತಾರೆ, ರೇಷ್ಮೆ ಬೆಳೆಯುವವರು ಕೇಳುತ್ತಾರೆ. ಟಿವಿಯಲ್ಲಿ ಬರುವುದು ವಾಷಿಂಗ್ಟನ್ ಮತ್ತು ಬೀಜಿಂಗ್‌ನ ಮಾತು. ಇವರಿಗೆ ಬೇಕಾಗಿರುವುದು ತಮ್ಮ ಗೊಬ್ಬರ, ಗೂಡು, ಆರ್ಡರ್‌ಗಳ ಲೆಕ್ಕ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಈ ಜಗಳ ಯಾವಾಗ ಶುರುವಾಯಿತು?

ಸುಂಕದ ಜಗಳ ಶುರುವಾಗಿದ್ದು 2018ರ ಜುಲೈ 6ರಂದು. ಅವತ್ತು ಅಮೆರಿಕ ಚೀನಾದಿಂದ ಬರುವ 3,400 ಕೋಟಿ ಡಾಲರ್ ಮೌಲ್ಯದ ಸರಕಿನ ಮೇಲೆ ಶೇ 25ರಷ್ಟು ಹೆಚ್ಚುವರಿ ಸುಂಕ ಹಾಕಿತು. ಅದೇ ದಿನ ಚೀನಾ ಅಷ್ಟೇ ಮೊತ್ತದ ಅಮೆರಿಕದ ಸರಕಿನ ಮೇಲೆ ಸುಂಕ ಹಾಕಿತು. ಅದರಲ್ಲಿ ಸೋಯಾಬೀನ್ ಮುಖ್ಯವಾದದ್ದು. ಅಮೆರಿಕದ ರೈತರಿಗೆ ನೋವಾದರೆ ಅಲ್ಲಿನ ರಾಜಕೀಯಕ್ಕೆ ಬಿಸಿ ತಟ್ಟುತ್ತದೆ ಎಂದು ಚೀನಾಕ್ಕೆ ಗೊತ್ತಿತ್ತು.

ಬೇರು ಮಾತ್ರ ಇನ್ನೂ ಹಿಂದಕ್ಕೆ ಹೋಗುತ್ತದೆ. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು. ಅಮೆರಿಕದ ಕಂಪನಿಗಳು ಕಾರ್ಖಾನೆಗಳನ್ನು ಅಲ್ಲಿಗೆ ಸಾಗಿಸಿ ಲಾಭ ಮಾಡಿದವು. ಅಮೆರಿಕದ ಕಾರ್ಖಾನೆ ಊರುಗಳು ಕೆಲಸ ಕಳೆದುಕೊಂಡವು. 2018ರ ಹೊತ್ತಿಗೆ ಚೀನಾ ಜೊತೆಗಿನ ಸರಕು ವ್ಯಾಪಾರದಲ್ಲಿ ಅಮೆರಿಕದ ಕೊರತೆ ಸುಮಾರು 42,000 ಕೋಟಿ ಡಾಲರ್ ಆಗಿತ್ತು. ಅಗ್ಗದ ಬಟ್ಟೆ, ಆಟಿಕೆ ಮಾಡುತ್ತಿದ್ದ ಚೀನಾ ಅಷ್ಟರಲ್ಲಿ ದೂರಸಂಪರ್ಕ ಯಂತ್ರ, ಬ್ಯಾಟರಿ, ಎಲೆಕ್ಟ್ರಿಕ್ ಕಾರುಗಳಲ್ಲಿ ಮುಂದೆ ಬಂದಿತ್ತು. ಅಮೆರಿಕಕ್ಕೆ ನಿಜವಾಗಿ ಭಯ ಹುಟ್ಟಿಸಿದ್ದು ಇದು.

ಸುಂಕ ಹಾಕಿದರೆ ದುಡ್ಡು ಕಟ್ಟುವುದು ಚೀನಾನಾ?

ಅಲ್ಲ. ಸರಕು ತರಿಸಿಕೊಳ್ಳುವ ಅಮೆರಿಕದ ಆಮದುದಾರನೇ ಕಟ್ಟಬೇಕು. ಆಮೇಲೆ ಅದನ್ನು ಯಾರ ಮೇಲೆ ಎಷ್ಟು ಹೊರಿಸುತ್ತಾನೆ ಎನ್ನುವುದು ಮಾರುಕಟ್ಟೆಯ ಮಾತು. ಸ್ವಲ್ಪ ಗಿರಾಕಿಯ ತಲೆಗೆ, ಸ್ವಲ್ಪ ತನ್ನ ಲಾಭದಿಂದ, ಸ್ವಲ್ಪ ಮಾರಿದವನ ಹತ್ತಿರ ಬೆಲೆ ಇಳಿಸಿಕೊಂಡು.

ಟೈರ್ ಉದ್ಯಮದಲ್ಲಿ ಇರುವವರಿಗೆ ಒಂದು ಹಳೇ ಉದಾಹರಣೆ ನೆನಪಿರಬಹುದು. ಮೈಸೂರಿಗೆ ವಿಕ್ರಾಂತ್ ಟೈರ್ ಕಾರ್ಖಾನೆಯ ಕಾಲದಿಂದಲೂ ಟೈರ್ ಗೊತ್ತು ಅಲ್ವಾ? 2009ರಲ್ಲಿ ಒಬಾಮ ಸರ್ಕಾರ ಚೀನಾದ ಟೈರ್‌ಗಳ ಮೇಲೆ ಶೇ 35 ಸುಂಕ ಹಾಕಿತು. ಚೀನಾದ ಟೈರ್ ಕಡಿಮೆಯಾಯಿತು, ನಿಜ. ಆ ಜಾಗಕ್ಕೆ ಬೇರೆ ದೇಶಗಳ ಟೈರ್‌ಗಳು ಬಂದವು. ಗಿರಾಕಿ ಜಾಸ್ತಿ ಬೆಲೆ ಕೊಟ್ಟ. ಚೀನಾ ಅಮೆರಿಕದ ಕೋಳಿ ಮಾಂಸದ ಮೇಲೆ ಸುಂಕ ಹಾಕಿತು. ಟೈರ್ ಜಗಳದಲ್ಲಿ ಪೆಟ್ಟು ತಿಂದದ್ದು ಕೋಳಿ ಸಾಕುವವರು.

2025ರಲ್ಲಿ ಏನೇನಾಯಿತು? ದಿನಕ್ಕೊಂದು ಸಂಖ್ಯೆ ಬರುತ್ತಿತ್ತಲ್ಲ.

ಚಿಕ್ಕದಾಗಿ ಹೇಳುತ್ತೇನೆ. ಫೆಬ್ರುವರಿಯಲ್ಲಿ ಟ್ರಂಪ್ ಚೀನಾ ಸರಕಿನ ಮೇಲೆ ಶೇ 10 ಹೆಚ್ಚಿಸಿದರು, ಮಾರ್ಚ್‌ನಲ್ಲಿ ಅದು 20 ಆಯಿತು. ಏಪ್ರಿಲ್‌ನಲ್ಲಿ ಏರುತ್ತಾ ಏರುತ್ತಾ ಶೇ 145 ಮುಟ್ಟಿತು. ಚೀನಾ ಶೇ 125ಕ್ಕೆ ಹೋಯಿತು. ಆ ದರದಲ್ಲಿ ವ್ಯಾಪಾರ ನಡೆಯುವುದೇ ಕಷ್ಟ. ಮೇ 12ರಂದು ಜಿನೀವಾದಲ್ಲಿ ಎರಡೂ ಕಡೆ ಇಳಿಸಿಕೊಂಡು ಅಮೆರಿಕ ಶೇ 30ಕ್ಕೆ, ಚೀನಾ ಶೇ 10ಕ್ಕೆ ಬಂದವು. ಅಕ್ಟೋಬರ್‌ನಲ್ಲಿ ಮತ್ತೆ ಕಾವೇರಿತು. ಅಕ್ಟೋಬರ್ 30ರಂದು ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಕೂತು ಒಂದು ವರ್ಷದ ಕದನ ವಿರಾಮ ಮಾಡಿಕೊಂಡರು.

ಇದರ ನಡುವೆ ಭಾರತಕ್ಕೂ ಪೆಟ್ಟು ಬಿತ್ತು. ಆಗಸ್ಟ್ 7ರಿಂದ ಶೇ 25. ರಷ್ಯಾದ ಎಣ್ಣೆ ಕೊಳ್ಳುತ್ತೇವೆ ಎಂದು ಆಗಸ್ಟ್ 27ರಿಂದ ಇನ್ನೂ 25. ಚೀನಾಕ್ಕೆ ಎದುರಾಗಿ ಅಮೆರಿಕಕ್ಕೆ ಬೇಕಾದ ಗೆಳೆಯ ಎಂದು ನಮ್ಮನ್ನು ಕರೆಯುತ್ತಿದ್ದವರೇ ನಮ್ಮ ಮೇಲೆ ಶೇ 50 ಹಾಕಿದರು. ಇದನ್ನು ನಾವು ಮರೆಯಬಾರದು.

ಇದು ಬರೀ ವ್ಯಾಪಾರದ ಜಗಳವಾ?

ಸುಂಕ ಕಣ್ಣಿಗೆ ಕಾಣುವ ಭಾಗ ಅಷ್ಟೇ. ಒಳಗಿನ ಜಗಳ ಚಿಪ್‌ಗಳದ್ದು, ಸೇನೆಯದ್ದು. 2022ರ ಅಕ್ಟೋಬರ್ 7ರಂದು ಬೈಡನ್ ಸರ್ಕಾರ ಅತಿ ಮುಂದುವರಿದ ಚಿಪ್‌ಗಳನ್ನೂ ಅವನ್ನು ತಯಾರಿಸುವ ಯಂತ್ರಗಳನ್ನೂ ಚೀನಾಕ್ಕೆ ಮಾರದಂತೆ ತಡೆಯಿತು. ಅತಿ ಸಣ್ಣ ಚಿಪ್ ಮಾಡಲು ಬೇಕಾದ ಇಯುವಿ ಯಂತ್ರವನ್ನು ಜಗತ್ತಿನಲ್ಲಿ ಮಾಡುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ. ಆ ಚಿಪ್‌ಗಳಲ್ಲಿ ಬಹುಪಾಲು ತಯಾರಾಗುವುದು ತೈವಾನ್‌ನಲ್ಲಿ. ತೈವಾನ್ ತನ್ನದು ಎನ್ನುತ್ತದೆ ಚೀನಾ. ಹಾಗಾಗಿ ಒಂದು ಸಣ್ಣ ದ್ವೀಪದ ಸುತ್ತ ಎರಡು ಸೇನೆಗಳು ಸದಾ ಎಚ್ಚರವಾಗಿವೆ.

ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಬದುಕುವುದು ಸುಲಭವಲ್ಲ. ಅದಕ್ಕೇ ಒಂದು ಕಡೆ ಹೊಡೆದಾಟ, ಇನ್ನೊಂದು ಕಡೆ ಮಾತುಕತೆ. ಅಧ್ಯಕ್ಷರು ಬದಲಾದರೆ ಎಲ್ಲ ಸರಿ ಹೋಗುತ್ತದೆ ಎಂದು ತುಂಬಾ ಜನ ನಂಬಿದ್ದರು. ಟ್ರಂಪ್ ಹಾಕಿದ ಸುಂಕವನ್ನು ಬೈಡನ್ ಉಳಿಸಿಕೊಂಡರು. 2024ರಲ್ಲಿ ಚೀನಾದ ಎಲೆಕ್ಟ್ರಿಕ್ ಕಾರುಗಳ ಮೇಲೆ ಶೇ 100 ಸುಂಕ ಘೋಷಿಸಿದ್ದೂ ಅವರೇ. ಇದು ಒಬ್ಬ ವ್ಯಕ್ತಿಯ ಹಟವಲ್ಲ, ಅಲ್ಲಿನ ಎರಡೂ ಪಕ್ಷಗಳ ನಿಲುವು.

ರೇರ್ ಅರ್ತ್ ಎಂದರೆ ಏನು? ಸ್ಕೂಟರ್‌ಗೂ ಅದಕ್ಕೂ ಏನು ಸಂಬಂಧ?

ಇವು 17 ಲೋಹಗಳು. ನಿಯೋಡಿಮಿಯಂ, ಡಿಸ್ಪ್ರೋಸಿಯಂ, ಟರ್ಬಿಯಂ ಹೀಗೆ. ಇವುಗಳಿಂದ ಮಾಡಿದ ಮ್ಯಾಗ್ನೆಟ್ ಚಿಕ್ಕದಾದರೂ ಬಹಳ ಶಕ್ತಿಯದು. ಎಲೆಕ್ಟ್ರಿಕ್ ಸ್ಕೂಟರ್ ಮೋಟರಿನಿಂದ ಹಿಡಿದು ಕ್ಷಿಪಣಿವರೆಗೆ ಅದು ಬೇಕು. ಇವು ಭೂಮಿಯಲ್ಲಿ ಅಷ್ಟೇನೂ ಅಪರೂಪವಲ್ಲ. ಕಷ್ಟ ಇರುವುದು ಬೇರ್ಪಡಿಸುವುದರಲ್ಲಿ. ಒಂದನ್ನೊಂದು ಹೋಲುವ ಲೋಹಗಳನ್ನು ಆಮ್ಲಗಳಲ್ಲಿ ಹಂತ ಹಂತವಾಗಿ ಬೇರ್ಪಡಿಸಬೇಕು. ಗಲೀಜು ಕೆಲಸ, ವಿಷದ ನೀರು ಉಳಿಯುತ್ತದೆ. ಶ್ರೀಮಂತ ದೇಶಗಳು ಆ ಕೆಲಸವನ್ನು ಕೈಬಿಟ್ಟವು. ಚೀನಾ ಹಲವು ದಶಕ ಅದನ್ನೇ ಹಿಡಿದು ಮಾಡಿತು. ಇವತ್ತು ಜಗತ್ತಿನ ಶುದ್ಧೀಕರಣದಲ್ಲಿ ಸುಮಾರು ಶೇ 90 ಚೀನಾದ್ದು. ಮ್ಯಾಗ್ನೆಟ್ ತಯಾರಿಕೆಯಲ್ಲೂ ಹಾಗೇ.

2025ರ ಏಪ್ರಿಲ್ 4ರಂದು ಚೀನಾ ಇಂಥ 7 ಲೋಹಗಳಿಗೂ ಅವುಗಳ ಮ್ಯಾಗ್ನೆಟ್‌ಗೂ ರಫ್ತು ಪರವಾನಗಿ ಕಡ್ಡಾಯ ಮಾಡಿತು. ಉತ್ತರ ಕೊಟ್ಟಿದ್ದು ಅಮೆರಿಕಕ್ಕೆ. ಆದರೆ ನಿಯಮ ಎಲ್ಲ ದೇಶಗಳಿಗೂ ಅನ್ವಯ. ಭಾರತದ ವಾಹನ ಕಂಪನಿಗಳ ಅರ್ಜಿಗಳು ತಿಂಗಳುಗಟ್ಟಲೆ ಕೂತವು. ಎಲೆಕ್ಟ್ರಿಕ್ ಸ್ಕೂಟರ್ ಉತ್ಪಾದನೆ ಕೆಲವು ಕಡೆ ಕಡಿಮೆಯಾಯಿತು. ಕೂರ್ಗಳ್ಳಿ, ಕಡಕೊಳದಂಥ ಕೈಗಾರಿಕಾ ಪ್ರದೇಶಗಳಲ್ಲಿ ವಾಹನದ ಬಿಡಿಭಾಗ ಮಾಡುವವರು ಇದನ್ನು ಯಾಕೆ ಗಮನಿಸಬೇಕು ಎಂದರೆ, ಮೋಟರ್ ನಿಂತರೆ ಅದರ ಜೊತೆಗಿನ ಬ್ರಾಕೆಟ್ ಆರ್ಡರೂ ನಿಲ್ಲುತ್ತದೆ.

ಇದು ಮೊದಲ ಸಲವೂ ಅಲ್ಲ. 2010ರಲ್ಲಿ ಜಪಾನ್, ಚೀನಾ ಎರಡೂ ತಮ್ಮದು ಎನ್ನುವ ಸೆಂಕಾಕು ದ್ವೀಪಗಳ ಹತ್ತಿರ ದೋಣಿ ಡಿಕ್ಕಿಯಾದ ಮೇಲೆ ಚೀನಾದಿಂದ ಜಪಾನಿಗೆ ಹೋಗುತ್ತಿದ್ದ ರೇರ್ ಅರ್ತ್ ನಿಂತುಹೋಯಿತು. ಜಪಾನ್ ಆಗ ಕೂಗಾಡುತ್ತಾ ಕೂರಲಿಲ್ಲ. ಆಸ್ಟ್ರೇಲಿಯಾದ ಲೈನಸ್ ಕಂಪನಿಗೆ ಬಂಡವಾಳ ಹಾಕಿತು, ಕಡಿಮೆ ಲೋಹದಲ್ಲಿ ಮ್ಯಾಗ್ನೆಟ್ ಮಾಡುವುದನ್ನು ಕಲಿಯಿತು, ದಾಸ್ತಾನು ಮಾಡಿಕೊಂಡಿತು. ನಮಗೆ ಆ ಎಚ್ಚರ ಬರಲು ಇನ್ನೂ 15 ವರ್ಷ ಬೇಕಾಯಿತು. ಕರಾವಳಿ ಮರಳಿನಿಂದ ರೇರ್ ಅರ್ತ್ ತೆಗೆಯುವ ನಮ್ಮ ಸರ್ಕಾರಿ ಸಂಸ್ಥೆ ಐಆರ್‌ಇಎಲ್ ಶುರುವಾಗಿದ್ದು 1950ರಲ್ಲೇ. ಆದರೂ ಮ್ಯಾಗ್ನೆಟ್ ಮಾಡುವ ಹಂತಕ್ಕೆ ನಾವು ಹೋಗಲಿಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಸಾಮರ್ಥ್ಯ ಕಟ್ಟುವ ಗುರಿ. ತಡವಾಯಿತು, ಆದರೆ ಸರಿಯಾದ ಹೆಜ್ಜೆ.

ಮಂಡ್ಯದಲ್ಲಿ ಲಿಥಿಯಂ ಸಿಕ್ಕಿದೆಯಲ್ಲ, ನಾವು ಶ್ರೀಮಂತರಾಗ್ತೀವಾ?

ಅಷ್ಟು ಸುಲಭವಲ್ಲ. ಪರಮಾಣು ಖನಿಜ ನಿರ್ದೇಶನಾಲಯ ಮಂಡ್ಯ ಜಿಲ್ಲೆಯ ಮರಳಗಾಲ ಪ್ರದೇಶದಲ್ಲಿ ಅಂದಾಜಿಸಿರುವುದು 1,600 ಟನ್. ಅದೂ ಪ್ರಾಥಮಿಕ ಅಂದಾಜು. ಜಗತ್ತು 2023ರ ಒಂದೇ ವರ್ಷದಲ್ಲಿ ತೆಗೆದ ಲಿಥಿಯಂ ಸುಮಾರು 1,80,000 ಟನ್. ಹೋಲಿಸಿ ನೋಡಿ. ಭೂಮಿ ಬೆಲೆ ಏರುತ್ತದೆ ಎಂದು ಸುತ್ತಮುತ್ತ ಸೈಟು ಮಾರುವವರ ಮಾತಿಗೆ ದಯವಿಟ್ಟು ಮರುಳಾಗಬೇಡಿ.

ಇನ್ನೊಂದು ಮಾತು. 2023ರಲ್ಲಿ ಹೆಚ್ಚು ಲಿಥಿಯಂ ತೆಗೆದದ್ದು ಆಸ್ಟ್ರೇಲಿಯಾ ಮತ್ತು ಚಿಲಿ. ಆದರೆ ಬ್ಯಾಟರಿಗೆ ಬೇಕಾದ ಮಟ್ಟಕ್ಕೆ ಅದನ್ನು ಶುದ್ಧ ಮಾಡುವುದರಲ್ಲಿ ಹೆಚ್ಚಿನ ಪಾಲು ಚೀನಾದ್ದು. ಅಗೆದವನಿಗಿಂತ ಶುದ್ಧ ಮಾಡಿದವನ ಕೈ ಮೇಲಾಗಿದೆ. ಇಡೀ ಪೈಪೋಟಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ.

ನಮ್ಮ ಕಡೆ ಹಿಂದೆ ಹೀಗೆ ಆಗಿದ್ದುಂಟಾ?

ಆಗಿದೆ. ಅದೂ ಶ್ರೀಗಂಧದಲ್ಲಿ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಹೇಳಲೇಬೇಕಾದ ಕಥೆ ಇದು.

ಮೈಸೂರು ಸಂಸ್ಥಾನದ ಗಂಧದ ಮರ ಸರ್ಕಾರದ ಸ್ವತ್ತು. ಕೊರಡುಗಳನ್ನು ಹರಾಜು ಹಾಕುತ್ತಿದ್ದರು. ಅದರಲ್ಲಿ ದೊಡ್ಡ ಪಾಲು ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ಬಟ್ಟಿ ಇಳಿಸುವ ವಿದ್ಯೆ, ಯಂತ್ರ, ಸುಗಂಧ ಮತ್ತು ಔಷಧದ ಗಿರಾಕಿಗಳು ಎಲ್ಲ ಅಲ್ಲಿದ್ದರು. ಮರ ನಮ್ಮದು, ಬೆಲೆ ಅವರದ್ದು. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಬ್ರಿಟನ್ ಮತ್ತು ಜರ್ಮನಿ ಶತ್ರುಗಳು. ಮೈಸೂರಿಗೆ ಆ ಜಗಳದಲ್ಲಿ ಯಾವ ಮಾತೂ ಇರಲಿಲ್ಲ. ಆದರೆ ಕೊಳ್ಳುವವರಿಲ್ಲದೆ ಕೊರಡುಗಳು ಗೋದಾಮಿನಲ್ಲಿ ಕೂತವು. ಖಜಾನೆಗೆ ಬರುತ್ತಿದ್ದ ಆದಾಯ ಕುಸಿಯಿತು.

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. ಕೈಗಾರಿಕಾ ನಿರ್ದೇಶಕರಾಗಿದ್ದವರು ಆಲ್ಫ್ರೆಡ್ ಚಾಟರ್‌ಟನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಎಣ್ಣೆ ತೆಗೆಯುವ ಪ್ರಯೋಗ ಮಾಡಿದರು. 1916–17ರ ಹೊತ್ತಿಗೆ ಬೆಂಗಳೂರು ಮತ್ತು ಮೈಸೂರು ಎರಡೂ ಕಡೆ ಗಂಧದೆಣ್ಣೆ ಕಾರ್ಖಾನೆ ನಿಂತವು. ಎಣ್ಣೆಯ ಬೆನ್ನಿಗೆ ಸೋಪು ಬಂತು. ಯುದ್ಧ ಮುಗಿದ ಮೇಲೆ ಮರ ಕೊಳ್ಳುವವರು ಮತ್ತೆ ಬಂದರು. ಆಗ ನಾವು ಮಾರುತ್ತಿದ್ದುದು ಎಣ್ಣೆ.

ಇದನ್ನು ಮಾಡಲು ಒಬ್ಬ ದೊರೆಯ ಇಷ್ಟ ಸಾಕಾಗಲಿಲ್ಲ ಎನ್ನುವುದನ್ನು ಗಮನಿಸಿ. ಪ್ರಯೋಗಾಲಯ ಮೊದಲೇ ಇತ್ತು. ಕಲಿತವರು ಇದ್ದರು. ಸರ್ಕಾರ ದುಡ್ಡು ಹಾಕಿತು. ಮೂರೂ ಒಂದೇ ಹೊತ್ತಿಗೆ ಸೇರಿದವು.

ಟಿಪ್ಪು–ಫ್ರೆಂಚರ ಕಥೆಯೂ ಇದೇ ತರದ್ದಾ?

ಒಂದು ಮಟ್ಟಿಗೆ ಹೌದು. ಬ್ರಿಟಿಷರು ಮತ್ತು ಫ್ರೆಂಚರು ಅವತ್ತಿನ ದೊಡ್ಡ ಶಕ್ತಿಗಳು. ಮೆಣಸು, ಏಲಕ್ಕಿ, ಗಂಧ ಬ್ರಿಟಿಷರಿಗೆ ಸಿಗದಂತೆ ಟಿಪ್ಪು ತಡೆ ಹಾಕಿದ್ದ, ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದ. ಸೇನೆಗೆ ಮಾತ್ರ ಫ್ರೆಂಚರ ನೆರವು ನೆಚ್ಚಿದ್ದ. 1783ರಲ್ಲಿ ಮಂಗಳೂರು ಮುತ್ತಿಗೆ ನಡೆಯುತ್ತಿದ್ದಾಗಲೇ ಯೂರೋಪಿನಲ್ಲಿ ಆ ಇಬ್ಬರೂ ರಾಜಿಯಾದರು. ಸುದ್ದಿ ಬಂದ ಕೂಡಲೇ ಫ್ರೆಂಚ್ ಪಡೆ ಹಿಂದೆ ಸರಿಯಿತು. 1788ರಲ್ಲಿ ಅವನ ರಾಯಭಾರಿಗಳು ಹದಿನಾರನೇ ಲೂಯಿಯನ್ನು ಕಂಡರು. ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದದ್ದು ಟಿಪ್ಪುವಿಗೆ ನೆರವಾಗುವ ಬದಲು ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧದ ನೆಪವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ದೊಡ್ಡವರು ತಮಗೆ ಬೇಕಾದಾಗ ರಾಜಿಯಾಗುತ್ತಾರೆ. ಬೂಸಾನ್ ಮಾತುಕತೆ ನಡೆದಾಗ ನನಗೆ ನೆನಪಾಗಿದ್ದು ಮಂಗಳೂರಿನ ಆ ಮುತ್ತಿಗೆ. ಅವತ್ತು ಚೀನಾ ಮೇಲಿನ ಸುಂಕ ಇಳಿಸಲು ಅಮೆರಿಕ ಒಪ್ಪಿತು, ಭಾರತದ ಮೇಲಿನ ಶೇ 50 ಹಾಗೇ ಇತ್ತು.

ರೇಷ್ಮೆ ಬೆಳೆಗಾರರಿಗೆ ಚೀನಾ ಶತ್ರುವಾ?

ಪೈಪೋಟಿದಾರ ಅನ್ನಿ. ರೇಷ್ಮೆಯಲ್ಲಿ ಚೀನಾ ಮೊದಲು, ನಾವು ಎರಡನೇ ಸ್ಥಾನ. ಕೇಂದ್ರದ ಒಂದು ನಿರ್ಧಾರ ಗೂಡಿನ ಬೆಲೆಯನ್ನು ಹೇಗೆ ಅಲ್ಲಾಡಿಸುತ್ತದೆ ಎಂದು ನಮ್ಮವರು 2011ರಲ್ಲಿ ಕಂಡರು. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಬಜೆಟ್‌ನಲ್ಲಿ ಶೇ 30ರಿಂದ 5ಕ್ಕೆ ಇಳಿಸಿದರು. ನೇಯ್ಗೆಯವರಿಗೆ ಅನುಕೂಲವಾಗಲಿ ಎಂಬುದು ಉದ್ದೇಶ. ಗೂಡಿನ ದರ ಕುಸಿಯಿತು, ಬೆಳೆಗಾರರು ಬೀದಿಗೆ ಬಂದರು. 2013ರಲ್ಲಿ ಸುಂಕವನ್ನು ಮತ್ತೆ 15ಕ್ಕೆ ಏರಿಸಿದರು.

ಆದರೆ ಸುಂಕ ಒಂದೇ ರೈತನನ್ನು ಕಾಯುವುದಿಲ್ಲ. ಚೀನಾ ರೇಷ್ಮೆಗೆ ಬೇಡಿಕೆ ಇದ್ದದ್ದು ಅದರ ಎಳೆ ಉದ್ದ, ಗುಣಮಟ್ಟ ಒಂದೇ ಸಮ ಎಂಬ ಕಾರಣಕ್ಕೆ. ಅದಕ್ಕೆ ಉತ್ತರ ಕೊಟ್ಟಿದ್ದು ಮೈಸೂರಿನ ಮಾನಂದವಾಡಿ ರಸ್ತೆಯ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ. 1990ರ ದಶಕದಲ್ಲಿ ಜಪಾನ್ ಸಹಕಾರದಲ್ಲಿ ಅಲ್ಲಿ ಸಿಎಸ್‌ಆರ್ ದ್ವಿತಳಿಗಳು, ಅಂದರೆ ಬಿಳಿ ಗೂಡು ಕಟ್ಟುವ ಹುಳುವಿನ ತಳಿಗಳು, ಬಂದವು. ನಮ್ಮ ಬಿಸಿಲಿಗೆ ಬಿಳಿ ಗೂಡು ಒಗ್ಗುವುದಿಲ್ಲ ಎನ್ನುತ್ತಿದ್ದ ಕಾಲ ಅದು. ಇವತ್ತು ರಾಮನಗರ ಮಾರುಕಟ್ಟೆಯಲ್ಲಿ ಬಿಳಿ ಗೂಡು ರಾಶಿ ಬೀಳುತ್ತದೆ. ಒಂದು ಕೊರತೆ ಮಾತ್ರ ಉಳಿದಿದೆ. ಆ ಗೂಡಿನಿಂದ ನೂಲು ತೆಗೆಯುವ ಆಟೊಮ್ಯಾಟಿಕ್ ರೀಲಿಂಗ್ ಯಂತ್ರಗಳಲ್ಲಿ ಹೆಚ್ಚಿನವು ಚೀನಾದಿಂದ ಬಂದವು. ಬಿಡಿಭಾಗಕ್ಕೂ ಅಲ್ಲಿಗೇ ಕೈಚಾಚಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು, ಹೆಬ್ಬಾಳದ ವರ್ಕ್‌ಶಾಪ್‌ಗಳು ಈ ಒಂದು ಯಂತ್ರವನ್ನು ಗುರಿ ಮಾಡಿಕೊಂಡರೆ ಎಷ್ಟು ಚೆನ್ನಾಗಿರುತ್ತದೆ!

ಡಿಎಪಿ ಸಿಗದೆ ಹೋಗಿದ್ದಕ್ಕೂ ಚೀನಾ ಕಾರಣವಾ?

ಒಂದು ಕಾರಣ ಹೌದು. ಚೀನಾ ತನ್ನ ರೈತರಿಗೆ ಮೊದಲು ಎಂದು ರಂಜಕದ ಗೊಬ್ಬರವಾದ ಡಿಎಪಿಯ ರಫ್ತನ್ನು ಬಿಗಿ ಮಾಡಿತು. 2024–25ರಲ್ಲಿ ಅಲ್ಲಿಂದ ನಮಗೆ ಬಂದದ್ದು ಹಿಂದಿನ ವರ್ಷದ ಅರ್ಧಕ್ಕಿಂತ ಕಡಿಮೆ. ಚೀಲಕ್ಕೆ 1,350 ರೂಪಾಯಿ ಎಂದು ಸರ್ಕಾರ ಬೆಲೆ ಹಿಡಿದಿಟ್ಟಿದೆ. ಹಾಗಾಗಿ ರೈತನಿಗೆ ತಟ್ಟುವುದು ಬೆಲೆಯಲ್ಲ, ಸೊಸೈಟಿ ಮುಂದಿನ ಸಾಲು. 2025ರ ಜುಲೈನಲ್ಲಿ ಸೌದಿ ಅರೇಬಿಯಾದ ಮಾದೆನ್ ಜೊತೆ ವರ್ಷಕ್ಕೆ 31 ಲಕ್ಷ ಟನ್‌ನಂತೆ 5 ವರ್ಷದ ಒಪ್ಪಂದವಾಯಿತು. ಆಗಸ್ಟ್‌ನಲ್ಲಿ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ದೆಹಲಿಗೆ ಬಂದು ಗೊಬ್ಬರದ ತಡೆ ಸಡಿಲಿಸುವ ಭರವಸೆ ಕೊಟ್ಟರು. ಆದರೂ ಮಣ್ಣು ಪರೀಕ್ಷೆ ಮಾಡಿಸಿ. ರಂಜಕ ಸಾಕಷ್ಟಿರುವ ಗದ್ದೆಗೆ ಅಭ್ಯಾಸ ಬಲದಿಂದ ಡಿಎಪಿ ಸುರಿಯುವುದು ಬೇಡ.

ಕಬ್ಬಿಗೂ ಈ ಜಗಳಕ್ಕೂ ಸಂಬಂಧ ಇಲ್ಲ ಅಲ್ವಾ?

ಇದೆ, ಸ್ವಲ್ಪ ಸುತ್ತು ದಾರಿಯಲ್ಲಿ. ನಮ್ಮ ಕಬ್ಬಿನ ಎಫ್‌ಆರ್‌ಪಿ (ಕೇಂದ್ರ ಗೊತ್ತು ಮಾಡುವ ಕನಿಷ್ಠ ಬೆಲೆ) ಮತ್ತು ಸಕ್ಕರೆ ರಫ್ತು ನೆರವು ನಿಯಮ ಮೀರಿವೆ ಎಂದು ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟವು. 2021ರ ಡಿಸೆಂಬರ್‌ನಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಭಾರತ ಮೇಲ್ಮನವಿ ಹಾಕಿತು. ಆದರೆ ಮೇಲ್ಮನವಿ ಕೇಳಲು ಅಲ್ಲಿ ಯಾರೂ ಇಲ್ಲ. ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆದಿದ್ದರಿಂದ 2019ರ ಡಿಸೆಂಬರ್‌ನಿಂದ ಆ ಪೀಠ ಕೆಲಸ ಮಾಡುತ್ತಿಲ್ಲ. ಪೀಠ ತನ್ನ ಅಧಿಕಾರ ಮೀರುತ್ತಿದೆ, ಚೀನಾವನ್ನು ಈ ನಿಯಮಗಳಿಂದ ಹಿಡಿಯಲಾಗುತ್ತಿಲ್ಲ ಎಂಬುದು ಅಮೆರಿಕದ ತಕರಾರು. ಸದ್ಯಕ್ಕೆ ಮಂಡ್ಯದ ಕಬ್ಬಿನ ಬೆಲೆಗೆ ತೊಂದರೆ ಇಲ್ಲ. ಆದರೆ ಇದನ್ನು ಗೆಲುವು ಎಂದು ನಾನು ಕರೆಯಲಾರೆ. ನಾಳೆ ನಮಗೇ ಅನ್ಯಾಯವಾದರೆ ಹೋಗಿ ಕೇಳಲು ಅದೇ ಪೀಠ ಬೇಕು.

ಚೀನಾ ಸಾಮಾನು ಕೊಳ್ಳುವುದನ್ನೇ ಬಿಟ್ಟರೆ?

ಗಾಲ್ವಾನ್‌ನಲ್ಲಿ 20 ಯೋಧರು ಹುತಾತ್ಮರಾದ ಮೇಲೆ ಈ ಕೂಗು ಎದ್ದಿತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ 2024–25ರಲ್ಲಿ ಚೀನಾದಿಂದ ನಾವು ತರಿಸಿದ್ದು ಸುಮಾರು 11,300 ಕೋಟಿ ಡಾಲರ್ ಸರಕು, ಕಳಿಸಿದ್ದು ಸುಮಾರು 1,400 ಕೋಟಿ. ತರಿಸಿದ್ದರಲ್ಲಿ ದೀಪಾವಳಿ ಸರದ ದೀಪ ಎಷ್ಟೋ ಸಣ್ಣದು. ದೊಡ್ಡದು ಎಲೆಕ್ಟ್ರಾನಿಕ್ ಭಾಗ, ಯಂತ್ರ, ಔಷಧದ ಕಚ್ಚಾ ವಸ್ತು. ಇವನ್ನು ನಿಲ್ಲಿಸಿದರೆ ಮೊದಲು ನಿಲ್ಲುವುದು ನಮ್ಮ ಕಾರ್ಖಾನೆಗಳೇ. ಒಂದೊಂದು ವಸ್ತುವನ್ನೇ ಆರಿಸಿ, ಇಲ್ಲಿ ಮಾಡಲು ಕಲಿತು, ಆಮೇಲೆ ಬಿಡಬೇಕು.

ಇಬ್ಬರ ಜಗಳದಲ್ಲಿ ನಮಗೆ ಲಾಭ ಆಗಲ್ವಾ?

ಆಗುತ್ತಿದೆ. ಕೋಲಾರದ ನರಸಾಪುರ, ದೇವನಹಳ್ಳಿ ಕಡೆ ಐಫೋನ್ ಜೋಡಣೆ ಬಂದದ್ದು ಇದೇ ಕಾರಣಕ್ಕೆ. ಮೈಸೂರಿನ ಎಲೆಕ್ಟ್ರಾನಿಕ್ಸ್ ಕಂಪನಿಗಳಿಗೂ ವಿಚಾರಣೆಗಳು ಹೆಚ್ಚಿವೆ. ವಿಯೆಟ್ನಾಂ ಮತ್ತು ಮೆಕ್ಸಿಕೊ ಮಾತ್ರ ನಮಗಿಂತ ಬೇಗ ಓಡಿದವು. ಬಂದರು ಹತ್ತಿರ, ಅನುಮತಿ ಬೇಗ, ಬಿಡಿಭಾಗದ ಆಮದು ಸುಂಕ ಕಡಿಮೆ. ಜೋಡಣೆಯ ಕೆಲಸ ಬಂದರೆ ಸಾಲದು. ಸರ್ಕ್ಯೂಟ್ ಬೋರ್ಡ್ (ಪಿಸಿಬಿ), ಕನೆಕ್ಟರ್, ಅಚ್ಚು, ಟೂಲಿಂಗ್ ಇಲ್ಲಿ ಆಗಬೇಕು. ಐಟಿಐ, ಡಿಪ್ಲೊಮಾ ಓದುವ ಮಕ್ಕಳಿಗೆ ನಾನು ಟೂಲ್ ಅಂಡ್ ಡೈ (ಅಚ್ಚು, ಉಪಕರಣ ಮಾಡುವ ಕೆಲಸ) ಕಲಿಯಿರಿ ಎನ್ನುವುದು ಅದಕ್ಕೇ.

ಭಾರತ ಯಾರ ಕಡೆ?

ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಜೊತೆ ಕ್ವಾಡ್‌ನಲ್ಲಿದ್ದೇವೆ. ಚೀನಾ, ರಷ್ಯಾ ಜೊತೆ ಬ್ರಿಕ್ಸ್‌ನಲ್ಲಿದ್ದೇವೆ. 2025ರ ಆಗಸ್ಟ್ ಕೊನೆಯಲ್ಲಿ ಪ್ರಧಾನಿ ಚೀನಾದ ತಿಯಾಂಜಿನ್‌ಗೆ ಹೋದರು, ಅಕ್ಟೋಬರ್‌ನಲ್ಲಿ ಚೀನಾಕ್ಕೆ ನೇರ ವಿಮಾನ ಮತ್ತೆ ಶುರುವಾಯಿತು. ಹೀಗೆ ಯಾರ ಕಡೆಗೂ ಪೂರ್ತಿ ವಾಲದೆ ಇರುವುದು ನನಗೆ ಸರಿ ಅನ್ನಿಸುತ್ತದೆ.

ನಾನು ಅಮೆರಿಕಕ್ಕೆ ಸಣ್ಣ ಪ್ರಮಾಣದಲ್ಲಿ ರಫ್ತು ಮಾಡುತ್ತೇನೆ. ಏನು ಮಾಡಬೇಕು?

ನಿಮ್ಮ ವಸ್ತುವಿನ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕನ್ನು ಗುರುತಿಸುವ ಸಂಖ್ಯೆ) ಸರಿ ಇದೆಯಾ ಎಂದು ಕಸ್ಟಮ್ಸ್ ಬ್ರೋಕರ್ ಹತ್ತಿರ ಖಚಿತ ಮಾಡಿಕೊಳ್ಳಿ. 2025ರ ಆಗಸ್ಟ್‌ನ ಸುಂಕ ಎಲ್ಲದಕ್ಕೂ ಬಿದ್ದಿರಲಿಲ್ಲ. ಮೊಬೈಲ್ ಫೋನು, ಔಷಧಗಳು ಹೊರಗಿದ್ದವು, ರೇಷ್ಮೆ ಬಟ್ಟೆ ಒಳಗಿತ್ತು. ದರ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಹಳೇ ದರ ನೋಡಿ ಬೆಲೆ ಹೇಳಬೇಡಿ. ಸುಂಕ ಏರಿದರೆ ಯಾರು ಎಷ್ಟು ಹೊರಬೇಕು ಎಂದು ಒಪ್ಪಂದದಲ್ಲಿ ಬರೆಸಿ. ಬಾಯಿಮಾತು ಸಾಲದು. ಕೊಳ್ಳುವವನು ದುಡ್ಡು ಕೊಡದೆ ಕೈಯೆತ್ತಿದರೆ ಎಂಬ ಭಯ ಇದ್ದರೆ ಕೇಂದ್ರ ಸರ್ಕಾರದ ರಫ್ತು ವಿಮೆ ಸಂಸ್ಥೆ ಇಸಿಜಿಸಿಯ ವಿಮೆ ವಿಚಾರಿಸಿ.

ಚೀನಾದ ಬಿಡಿಭಾಗ ಹಾಕಿ ವಸ್ತು ಮಾಡುವವರು ಇನ್ನೂ ಹುಷಾರಾಗಿರಬೇಕು. ಬೇರೆ ದೇಶದ ಸರಕನ್ನು ತನ್ನದೆಂದು ಹೆಸರು ಬದಲಿಸಿ ಕಳಿಸಿದರೆ ಶೇ 40 ಸುಂಕ ಎಂದು ಅಮೆರಿಕ 2025ರ ಜುಲೈ ಕೊನೆಯ ಆದೇಶದಲ್ಲಿ ಹೇಳಿತು. ಸುಮ್ನೆ ಪೆಟ್ಟಿಗೆ ಬದಲಿಸುವವರ ಸಾಲಿಗೆ ನಿಮ್ಮನ್ನೂ ಸೇರಿಸಿಬಿಡುವ ಅಪಾಯ ಇದೆ. ಯಾವ ಭಾಗ ಎಲ್ಲಿಂದ ಬಂತು, ಇಲ್ಲಿ ಅದಕ್ಕೆ ಏನು ಕೆಲಸ ಮಾಡಿದಿರಿ, ಯಾರಿಗೆ ಎಷ್ಟು ಕೂಲಿ ಕೊಟ್ಟಿರಿ ಎಂಬ ಬಿಲ್ಲುಗಳನ್ನು ಒಂದೊಂದು ಸರಕು ರವಾನೆಗೂ ಬೇರೆ ಫೈಲಿನಲ್ಲಿ ಇಡಿ. ಮೂಲದೇಶದ ಸರ್ಟಿಫಿಕೇಟ್ ಕೇಳಿದ ದಿನ ಅದನ್ನು ಹುಡುಕುತ್ತಾ ಕೂರಬೇಕಾಗುವುದಿಲ್ಲ.